ಕಡೆಯ ಸಿಲಿಂಡರು

ನಮ್ಮ ಮನೆಯಲ್ಲಿ ನನಗಿಂತ ಮೊದಲೇ ಬಂದು ಕೂತ ಸವತಿಯೊಬ್ಬಳಿದ್ದಾಳೆ. ನಾನು ಮದುವೆಯಾಗಿ ಬಸವನ ಬಾಗೇವಾಡಿಯ ಈ ಮನೆಗೆ ಕಾಲಿಟ್ಟ ದಿನ ಅವಳು ಅಂಗಳದ ತಗಡಿನ ಚಪ್ಪರದ ಕೆಳಗೆ ಮಿರಮಿರನೆ ಮಿಂಚುತ್ತ ನಿಂತಿದ್ದಳು. ಹಸಿರು ಬಣ್ಣ, ಗುಂಡನೆಯ ಬೆನ್ನು, ಮುಂದೆ ಬೆಳ್ಳಿಯಂಥ ಹಲ್ಲುಸಾಲು. ಹೆಸರು ಡಾಡ್ಜ್ ಕಿಂಗ್ಸ್‌ವೇ. ಹುಟ್ಟಿದ ವರ್ಷ 1953. ನನಗಿಂತ ಹಿರಿಯಳು. ಆ ಹಿರಿತನದ ಮರ್ಯಾದೆಯನ್ನು ಮನೆಯವರೆಲ್ಲ ಅವಳಿಗೆ ತಪ್ಪದೆ ಕೊಡುತ್ತಿದ್ದರು.

ನಮ್ಮ ಮಾವನವರು ಆಲಮಟ್ಟಿ ಆಣೆಕಟ್ಟಿನ ಕೆಲಸಕ್ಕೆ ಕಲ್ಲು, ಖಡಿ ಹಾಕಿಸುವ ತುಂಡು ಗುತ್ತಿಗೆದಾರರಾಗಿದ್ದರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆ ಆಣೆಕಟ್ಟು ಮುಗಿಯುವ ಹೊತ್ತಿಗೆ ನಾಲ್ಕು ದಶಕ ಕಳೆದವು. ಮೊದಲ ವರ್ಷಗಳಲ್ಲಿ ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಮಾವನವರು ಸೊಲ್ಲಾಪುರದ ವ್ಯಾಪಾರಿಯೊಬ್ಬರಿಂದ ಈ ಕಾರನ್ನು ಕೊಂಡು ತಂದರಂತೆ. ಆ ಕಾಲದಲ್ಲಿ ಡಾಡ್ಜ್, ಪ್ಲಿಮತ್ ಗಾಡಿಗಳ ಭಾಗಗಳು ಹಡಗಿನಲ್ಲಿ ಮುಂಬಯಿಗೆ ಬಂದು, ಕುರ್ಲಾದ ಪ್ರೀಮಿಯರ್ ಕಾರಖಾನೆಯಲ್ಲಿ ಜೋಡಣೆಯಾಗಿ ರಸ್ತೆಗೆ ಇಳಿಯುತ್ತಿದ್ದವು. ಅಂದರೆ ನಮ್ಮ ಸವತಿ ಪೂರ್ತಿ ಪರದೇಶಿಯೂ ಅಲ್ಲ, ಪೂರ್ತಿ ದೇಶಿಯೂ ಅಲ್ಲ. ತವರು ಒಂದು ಕಡೆ, ಬಾಳುವೆ ಒಂದು ಕಡೆ. ಈ ಒಂದು ವಿಷಯದಲ್ಲಿ ಮಾತ್ರ ನನಗೆ ಅವಳ ಮೇಲೆ ಸ್ವಲ್ಪ ಕರುಣೆ.

ಮಾವನವರು ಹೋದ ಮೇಲೆ ಕಾರು ನಮ್ಮ ಯಜಮಾನರ ಪಾಲಿಗೆ ಬಂತು. ಅವರು ಶಾಲಾ ಮಾಸ್ತರರು. ಪಗಾರ ಬಂದ ದಿನ ಮೊದಲು ನೋಡುತ್ತಿದ್ದುದು ಕಿರಾಣಿ ಪಟ್ಟಿಯನ್ನಲ್ಲ, ಕಾರಿನ ಪಟ್ಟಿಯನ್ನು. ಹಾರ್ನು ಹೋದರೆ ಅಂಬಾಸಡರ್‌ನದು ಹಾಕಿಸಿದರು. ಸೀಟು ಹರಿದರೆ ಸಿಂದಗಿಯಲ್ಲಿ ಹೊಲಿಸಿದರು. ಬಾಗಿಲ ಹಿಡಿಕೆ ಮುರಿದರೆ ಮುದ್ದೇಬಿಹಾಳದ ಲೇಥ್‌ನವನ ಹತ್ತಿರ ಮಾಡಿಸಿದರು. ಒಮ್ಮೆ ನಾನು ನಗುತ್ತ ಕೇಳಿದ್ದೆ, "ಎಲ್ಲಾ ಬದಲ್ ಮಾಡೇ ಬಿಟ್ರಲ್ರಿ. ಇನ್ನೂ ಇದು ಮಾಮಾರ ಗಾಡಿನೇ ಏನು?" ಅವರು ನಗಲಿಲ್ಲ. "ಮಾಡಾಕಿ ಬದಲಾದ್ರೂ ರೊಟ್ಟಿ ರುಚಿ ಅದೇ ಇರ್ತದಲ್ಲ, ಹಾಂಗ" ಅಂದರು. ಹೊಗಳಿದರೋ ತೆಗಳಿದರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

2018ರ ಬೇಸಿಗೆಯಲ್ಲಿ ಇಂಡಿ ತಾಲೂಕಿನ ನನ್ನ ತವರೂರಿನಲ್ಲಿ ಅಣ್ಣನ ಮಗಳ ಮದುವೆ. "ಡಾಜ್ ಒಳಗs ಹೋಗೂಣು" ಎಂದು ಯಜಮಾನರ ಹಟ. ಮುಂದೆ ಅವರು ಮತ್ತು ಮಗ, ಹಿಂದೆ ಅತ್ತೆಯವರು, ನಾನು, ಬುಟ್ಟಿಗಳು. ದೇವರ ಹಿಪ್ಪರಗಿ ದಾಟಿದೆವು. ಸಿಂದಗಿ ಇನ್ನೇನು ಬಂತು ಅನ್ನುವಾಗ ಮುಂದಿನ ಮುಚ್ಚಳದಿಂದ ಬುಸ್ಸೆಂದು ಹಬೆ ಎದ್ದಿತು. ಗಾಡಿ ಕೆಮ್ಮಿ ನಿಂತಿತು. ಸುಡುವ ಬಿಸಿಲು, ಸುತ್ತ ಒಂದು ಗಿಡವಿಲ್ಲ. ಅತ್ತೆಯವರು ಸೆರಗು ತಲೆಗೆ ಎಳೆದುಕೊಂಡು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು, "ನೀವು ಬಸ್ಸಿಗಿ ಹೋಗ್ರಿ, ಅಕ್ಕಿಕಾಳ ತಪ್ಪಬಾರ್ದು. ನಾ ಗಾಡಿ ಕಾಯಕೋತ ಕೂಡ್ತೀನಿ" ಅಂದರು. ಆಗ ಆ ಮಾತು ಯಾರಿಗೂ ವಿಚಿತ್ರ ಅನಿಸಲಿಲ್ಲ ನೋಡಿ. ಅವರು ಯಾವಾಗಲೂ ಹಾಗೇ ಅನ್ನುವವರು.

ಸಿಂದಗಿಯ ಮಿಸ್ತ್ರಿ ವಯಸ್ಸಾದ ಮನುಷ್ಯ. ಲಾರಿ ಎಂಜಿನ್ನುಗಳಲ್ಲೇ ತಲೆ ನರೆಸಿಕೊಂಡವರು. ಮರುವಾರ ಎಂಜಿನ್ ಬಿಚ್ಚಿ ನಮ್ಮನ್ನು ಕರೆದು ತೋರಿಸಿದರು. ಗಂಡಸರ ಆ ಲೋಕದಲ್ಲಿ ನನಗೇನು ಕೆಲಸವೆಂದು ಹಿಂದೆ ನಿಂತಿದ್ದೆ. ಆದರೆ ಅವರು ಹೇಳಿದ ರೀತಿ ನನ್ನನ್ನು ಮುಂದಕ್ಕೆ ಎಳೆಯಿತು.

"ನೋಡ್ರಿ ಅಕ್ಕಾರ, ಆರು ಸಿಲಿಂಡರ್ ಅಂದ್ರ ಪಂಕ್ತಿ ಒಳಗ ಕುಂತ ಆರು ಹುಡುಗರು ಇದ್ದಂಗ. ನೀರಿನ ಪಂಪು ಮುಂದ ಅದ. ಅಲ್ಲಿಂದ ಕಡೀ ಹುಡುಗನ ತನಕ ನೀರು ಒಯ್ಯಾಕ ಒಳಗೊಂದು ನಳಿಗಿ ಇರ್ತದ, ಅದರ ಮೈಗೆ ಸಾಲಾಗಿ ತೂತು. ಆ ನಳಿಗಿ ತುಕ್ಕ ತಿಂದ ಹೋಗ್ಯದ. ಪಂಪು ನೀರೇನೋ ಕೊಡ್ತದ, ಖರೆ. ಮುಂದಿನವಕ್ಕ ಮುಟ್ಟಿ, ಹಾಂಗs ತಿರುಗಿ ಬಂದ ಬಿಡ್ತದ. ಕಡೀ ಎರಡು ಸುಟ್ಟು ಸುಣ್ಣಾಗ್ಯಾವ."

ಒಳಗಿಂದ ಎಳೆದು ತೆಗೆದ ಆ ನಳಿಗೆಯ ಅವಶೇಷ ಅವರ ಅಂಗೈಯಲ್ಲಿತ್ತು. ತಗಡಿನ ಚೂರುಗಳು, ಕೆಂಪು ತುಕ್ಕಿನ ಪುಡಿ. ಹೊರಗಿನಿಂದ ನೋಡಿದರೆ ಇದ್ದದ್ದೇ ಗೊತ್ತಾಗದ ವಸ್ತು. ಎಂಜಿನ್ನಿನ ಎದೆಯೊಳಗೆ ಅರವತ್ತೈದು ವರ್ಷ ಅಡಗಿ ಕೂತು, ಯಾರ ಕಣ್ಣಿಗೂ ಬೀಳದೆ ಸವೆದು ಹೋಗಿತ್ತು.

ಅಲ್ಲಿಂದ ನಮ್ಮ ಯಜಮಾನರ ತೀರ್ಥಯಾತ್ರೆ ಸುರುವಾಯಿತು. ಸೊಲ್ಲಾಪುರಕ್ಕೆ ಹೋದರು, ಇಲ್ಲ. ಕೊಲ್ಲಾಪುರಕ್ಕೆ ಹೋದರು, ಇಲ್ಲ. ಮುಂಬಯಿಯ ಕುರ್ಲಾದಲ್ಲಿ ಹಳೆ ಗಾಡಿಗಳ ಸಾಮಾನು ಮಾರುವ ಅಂಗಡಿಗಳ ಸಾಲನ್ನೆಲ್ಲ ಜಾಲಾಡಿದರು. ಹುಟ್ಟಿದ ಊರಿನಲ್ಲಿಯೂ ಅವಳ ನೆಂಟರು ಉಳಿದಿರಲಿಲ್ಲ. ಮುದ್ದೇಬಿಹಾಳದ ಲೇಥ್‌ನವನು ತಗಡು ಸುತ್ತಿ ಬೆಸುಗೆ ಹಾಕಿ ಒಂದನ್ನು ಮಾಡಿಕೊಟ್ಟ. ಒಂದು ತಿಂಗಳೊಳಗೆ ಅದರ ಬೆಸುಗೆ ಬಿಟ್ಟಿತು. ಕೊನೆಗೆ ಮುದ್ದೇಬಿಹಾಳದಲ್ಲಿರುವ ನನ್ನ ನಾದಿನಿಯ ಮಗ ನೆನಪಾದ. ಅವನು ಇರುವುದು ಅಮೇರಿಕಾದ ಡೆಟ್ರಾಯಿಟ್ ಹತ್ತಿರ. ಡಾಡ್ಜ್ ಎಂಬ ಅಣ್ಣತಮ್ಮಂದಿರು 1914ರಲ್ಲಿ ತಮ್ಮ ಹೆಸರಿನ ಮೊದಲ ಕಾರನ್ನು ಹೊರತಂದ ಊರು ಅದೇ. ಅವರಿಬ್ಬರೂ ತೀರಿಕೊಂಡ ಮೇಲೆ, 1928ರಲ್ಲಿ, ಕ್ರೈಸ್ಲರ್ ಕಂಪನಿ ಅವರ ಕಾರಖಾನೆಯನ್ನು ಕೊಂಡಿತು. ಅಂತೂ ನಮ್ಮ ಸವತಿಯ ಅಜ್ಜನ ಮನೆಯ ವಿಳಾಸ ಸಿಕ್ಕಿತು.

ಹುಡುಗ ಉತ್ಸಾಹದಿಂದ ಹುಡುಕಿದ. ಅಲ್ಲಿ ಹಳೆಯ ಕಾರುಗಳ ಮೋಹ ನಮ್ಮ ಜಾತ್ರೆಯ ಎತ್ತುಗಳ ಮೋಹದಂತೆಯೇ ಇದೆಯಂತೆ. 1964ರ ಪಾಂಟಿಯಾಕ್ ಜಿಟಿಒ, ಫೋರ್ಡ್ ಮಸ್ಟಾಂಗ್, 1966ರ ಡಾಡ್ಜ್ ಚಾರ್ಜರ್, ಇಂಥ ಬಲಭೀಮ ಗಾಡಿಗಳಿಗೆ ಅಲ್ಲಿಯವರು 'ಮಸಲ್ ಕಾರ್' ಎನ್ನುತ್ತಾರೆ. ಅವುಗಳ ಒಂದೊಂದು ಮೊಳೆಯನ್ನೂ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಜಗತ್ತಿನ ಮೂಲೆಮೂಲೆಯ ಹುಚ್ಚರು ಅಲ್ಲಿಂದ ತರಿಸಿಕೊಳ್ಳುತ್ತಾರೆ. ನಮ್ಮ ಕಾರು ಆ ಭೀಮರ ಅಜ್ಜಿ. ಬಲವಿಲ್ಲ, ಆದರೆ ಇದರ ಎಂಜಿನ್ನಿನ ಜಾತಿ ಲಾರಿಗಳಲ್ಲಿ, ಹೊಲದ ಯಂತ್ರಗಳಲ್ಲಿ ಬಹುಕಾಲ ದುಡಿದದ್ದರಿಂದ ಅಲ್ಲಿ ಇವತ್ತಿಗೂ ಸಾಮಾನು ಸಿಗುತ್ತದೆ. ಹಿತ್ತಾಳೆಯ ನಳಿಗೆ, ಮೊಳದುದ್ದದ್ದು, ಸಿಕ್ಕೇಬಿಟ್ಟಿತು.

ಪಾರ್ಸಲ್ ಬರುವವರೆಗೆ ಮನೆಯಲ್ಲಿ ಬಾಣಂತನದ ಮನೆಯ ಕಾತರ. ರಾತ್ರಿ ಹತ್ತಕ್ಕೆ ಫೋನು, ಬೆಳಿಗ್ಗೆ ಐದಕ್ಕೆ ಫೋನು. ಸುಂಕ ಕಟ್ಟಿ ಬಿಡಿಸಿಕೊಂಡು ಬಿಚ್ಚಿದರೆ, ನಳಿಗೆ ಗಿಡ್ಡ! ಒಳಗೆ ತೂರಿಸಿದರೆ ಕಡೆಯ ಸಿಲಿಂಡರಿಗೆ ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. ಆಗ ಹುಡುಗ ಎಂಜಿನ್ನಿನ ಮೇಲ್ಭಾಗ ಅಳೆದು ಕಳಿಸಿ ಎಂದ. ನನ್ನ ಹೊಲಿಗೆ ಮಷೀನಿನ ಟೇಪು ತಂದು ನಾನೇ ಅಳೆದೆ. ಇಪ್ಪತ್ತೈದು ಇಂಚು. ಗುಟ್ಟು ಅಲ್ಲಿತ್ತು. ಅಮೇರಿಕಾದ ಡಾಡ್ಜ್‌ಗಳ ಈ ಎಂಜಿನ್ನು ಇಪ್ಪತ್ಮೂರು ಇಂಚು. ಕೆನಡಾದಲ್ಲಿ ಮಾಡಿದ್ದು ಎರಡು ಇಂಚು ಉದ್ದ. ನಮ್ಮದು ಕೆನಡಾದ ಕಡೆಯದು. ಮತ್ತೆ ಹೊಸ ನಳಿಗೆ, ಮತ್ತೆ ಸಾಗಾಣಿಕೆ, ಮತ್ತೆ ಸುಂಕ. ಒಟ್ಟು ಖರ್ಚು ನಮ್ಮ ಎರಡು ತಿಂಗಳ ಸಂಸಾರಕ್ಕೆ ಸಮವಾಯಿತು. ನಾನು ಮುಖ ಊದಿಸಿಕೊಂಡೆ. ಆದರೂ ಹೇಳುತ್ತೇನೆ, ಒಳಗೊಳಗೆ ಆ ಮನುಷ್ಯನ ಛಲಕ್ಕೆ ಮೆಚ್ಚಿದೆ. ಕಡೆಯ ಎರಡು ಇಂಚಿಗಾಗಿ ಏಳು ಸಮುದ್ರ ದಾಟುವವರು ಎಷ್ಟು ಜನ ಇರುತ್ತಾರೆ?

ಎರಡನೆಯ ಪಾರ್ಸಲ್ ದಾರಿಯಲ್ಲಿದ್ದಾಗ ಅತ್ತೆಯವರು ಹಿತ್ತಿಲಲ್ಲಿ ಬಿದ್ದರು.

ಕಾಲು ಜಾರಿ ಅಲ್ಲ, ತಲೆ ತಿರುಗಿ. ವಿಜಯಪುರದ ಆಸ್ಪತ್ರೆಗೆ ಒಯ್ದೆವು. ರಕ್ತ ಪರೀಕ್ಷೆ ಮಾಡಿದರು. ಹನ್ನೆರಡು ಇರಬೇಕಾದ ಕಡೆ ಹಿಮೋಗ್ಲೋಬಿನ್ ಆರು. ಒಳಗೆಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ನೋಡಿದರು, ಹಾಗೇನೂ ಇರಲಿಲ್ಲ. ಎರಡು ಬಾಟಲಿ ರಕ್ತ ಏರಿಸಿ, ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಇದು ಒಂದು ದಿನದಾಗ ಆಗಿದ್ದಲ್ರಿ. ಭಾಳ ವರ್ಷದ್ದು. ಇವರು ಏನು ಉಣ್ತಾರ ಮನ್ಯಾಗ?"

ನನಗೆ ಉತ್ತರ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಅವರ ಜೊತೆ ಅಡಿಗೆ ಮಾಡಿದವಳಿಗೆ ಅವರು ಏನು ಉಣ್ಣುತ್ತಾರೆಂದು ಗೊತ್ತಿರಲಿಲ್ಲ.

ಆ ರಾತ್ರಿ ಆಸ್ಪತ್ರೆಯ ಜಗಲಿಯಲ್ಲಿ ಯಜಮಾನರ ಮೇಲೆ ಹರಿಹಾಯ್ದೆ. "ಕಾರಿನ ಕಡೀ ಸಿಲಿಂಡರಿಗಿ ನೀರು ಮುಟ್ಟಲಿಲ್ಲಂತ ಅಮೇರಿಕಾದ ತನಕ ಕೈ ಚಾಚಿದ್ರಿ. ನಿಮ್ಮ ಅವ್ವನ ಮೈಯಾಗ ರಕ್ತ ಇಲ್ಲದ್ದು ಕಾಣಲಿಲ್ಲೇನ್ರಿ?" ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಗ್ಗಿದ ದನಿಯಲ್ಲಿ, ಜಗಳಕ್ಕಲ್ಲ, ನಿಜವಾಗಿ ಕೇಳುವವರ ಹಾಗೆ ಅಂದರು: "ನನಗ ಕಾಣಲಿಲ್ಲ, ಖರೆ. ಆದ್ರ ಬಡಸಾಕಿ ನೀ ಅಲ್ಲೇನು?"

ಅಕ್ಕತಂಗಿಯರೇ, ಆ ಮಾತು ನನ್ನನ್ನು ಇವತ್ತಿನವರೆಗೆ ಬಿಟ್ಟಿಲ್ಲ. ಹೌದು, ಸೌಟು ನನ್ನ ಕೈಯಲ್ಲೇ ಇತ್ತು.

ನಮ್ಮ ಮನೆಯ ಊಟದ ಕ್ರಮ ನಿಮ್ಮ ಮನೆಯದಕ್ಕಿಂತ ಬೇರೆ ಇರಲಿಕ್ಕಿಲ್ಲ. ಮೊದಲು ಗಂಡಸರು, ಜೊತೆಗೆ ಮಕ್ಕಳು, ಬಂದ ಬೀಗರು. ಆಮೇಲೆ ನಾವು. ನಾವು ಕೂಡುವಾಗ ಅತ್ತೆಯವರು, "ನೀ ಉಣ್ಣವ್ವ, ಸಾಲಿಗಿ ಹೋಗೂ ಹುಡುಗರು ನಿನ್ನ ಕಾಯ್ತಾವ. ನಾ ಆಮ್ಯಾಲ ಉಣ್ತೀನಿ" ಎನ್ನುವರು. ನಾನು ಉಂಡು ಏಳುವೆ. ಆಮೇಲೆ ಅವರು ಬುಟ್ಟಿಯ ತಳದ ಒಣ ರೊಟ್ಟಿ, ಶೇಂಗಾ ಚಟ್ನಿ, ಗಡಿಗೆಯಲ್ಲಿ ಉಳಿದಿದ್ದರೆ ಮಜ್ಜಿಗೆ, ಇಲ್ಲದಿದ್ದರೆ ಚಹಾ ಅದ್ದಿಕೊಂಡು ಮುಗಿಸುವರು. ಪಲ್ಲೆ ಅಷ್ಟು ಹೊತ್ತಿಗೆ ತಳ ಕಂಡಿರುತ್ತಿತ್ತು. ಹಾಲು ಅವರ ಪಾಲಿಗೆ ಬಂದದ್ದನ್ನು ನಾನು ನೋಡಿಯೇ ಇಲ್ಲ. ಯಾರೂ ಅವರಿಗೆ ಇಲ್ಲ ಅನ್ನಲಿಲ್ಲ. ಯಾರೂ ಕಸಿದುಕೊಳ್ಳಲಿಲ್ಲ. ನಾವೆಲ್ಲ ನಮ್ಮ ಮುಂದೆ ಬಂದದ್ದನ್ನು ಉಂಡೆವು, ಅಷ್ಟೇ.

ಇದು ನಮ್ಮೊಂದು ಮನೆಯ ಮಾತಾಗಿದ್ದರೆ ಬರೆಯುತ್ತಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಇದಕ್ಕೆ ಕಾರಣಗಳು ಹಲವು. ಹೆರಿಗೆ, ಮುಟ್ಟು, ಬಡತನ ಎಲ್ಲ ಇವೆ. ಆದರೆ ಪಂಕ್ತಿಯ ಕೊನೆಯೂ ಅದರಲ್ಲಿದೆ ಎಂಬುದನ್ನು ತಿಳಿಯಲು ನಮಗೆ ಸಮೀಕ್ಷೆ ಬೇಕಾಗಿಲ್ಲ.

ನನ್ನ ಅಣ್ಣನ ಹೊಲ ಇರುವುದು ಕಾಲುವೆಯ ಕಡೆಯ ತುದಿಯಲ್ಲಿ. ಮುದ್ದೇಬಿಹಾಳದ ಆಚೆ ನಾರಾಯಣಪುರದಲ್ಲಿ ಕೃಷ್ಣೆಯನ್ನು ತಡೆದು ನಿಲ್ಲಿಸಿದ ಜಲಾಶಯಕ್ಕೆ ಬಸವಸಾಗರವೆಂದು ಹೆಸರು. ಅಲ್ಲಿಂದ ಎಡದಂಡೆಯ ಕಾಲುವೆ ಹೊರಟು, ಅದರ ಶಾಖೆ ಸಿಂದಗಿ ದಾಟಿ ಇಂಡಿಯ ಕಡೆ ಬರುತ್ತದೆ. ಕಾಲುವೆಗೆ ನೀರು ಬಿಟ್ಟರೆಂಬ ಸುದ್ದಿ ಅಣ್ಣನಿಗೆ ಮೊದಲು ತಲಪುತ್ತದೆ, ನೀರು ಕೊನೆಗೆ. ಕೆಲವು ವರ್ಷ ತಲಪುವುದೇ ಇಲ್ಲ. ಆಸ್ಪತ್ರೆಗೆ ಅತ್ತೆಯವರನ್ನು ನೋಡಲು ಬಂದಾಗ ಅವನನ್ನು ಕೇಳಿದೆ, "ಮ್ಯಾಲಿನವರ ಮ್ಯಾಲ ನಿನಗ ಸಿಟ್ಟ ಬರೂದಿಲ್ಲೇನು?" ಅವನು ನಕ್ಕ. "ನನ್ನ ಹೊಲ ಮ್ಯಾಲ ಇದ್ರ ನಾನೂ ಮೋಟಾರ್ ಹಚ್ಚತಿದ್ದೆ ತಂಗಿ. ನೀರು ಮುಂದ ಹರಕೋತ ಹೊಂಟಾಗ ಯಾರು ಬಿಡ್ತಾರ?"

ನನಗೆ ಬೇಕಾಗಿದ್ದ ಗುರುಮಾತು ಹೀಗೆ ಅಣ್ಣನ ಬಾಯಿಂದ ಬಂತು. ಮುಂದಿನ ಸಿಲಿಂಡರುಗಳು ಕೆಟ್ಟವಲ್ಲ. ಮೇಲಿನ ಹೊಲದವರು ರಾಕ್ಷಸರಲ್ಲ. ನಮ್ಮ ಮನೆಯಲ್ಲಿಯೂ ಯಾರೂ ದುಷ್ಟರಿರಲಿಲ್ಲ. ಅತ್ತೆಯವರ ಮೇಲೆ ಎಲ್ಲರಿಗೂ ಪ್ರೀತಿ ಇತ್ತು. ಪ್ರೀತಿ ಇದ್ದೂ ಅವರ ಮೈಯಲ್ಲಿ ರಕ್ತ ಅರ್ಧಕ್ಕೆ ಇಳಿದಿತ್ತು. ಹಾಗಾದರೆ ತಪ್ಪು ಯಾರದು? ಯಾರ ಮನಸ್ಸಿನಲ್ಲೂ ಕೇಡಿಲ್ಲದೆ ಕೇಡು ಆಗುತ್ತಿದ್ದರೆ, ಅದನ್ನು ಪಾಪ ಎನ್ನಬೇಕೋ, ಹಣೆಬರಹ ಎನ್ನಬೇಕೋ?

ಬಹಳ ಹಳೆಯ ಬೌದ್ಧ ಗ್ರಂಥವೊಂದಿದೆ, ಮಿಲಿಂದ ಪಞ್ಹ. ಅದರಲ್ಲಿ ನಾಗಸೇನನೆಂಬ ಭಿಕ್ಷು ರಥವೇರಿ ಬಂದ ಮಿಲಿಂದ ರಾಜನನ್ನು ವಿಚಾರಿಸುತ್ತಾನೆ: ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ ಎಂದು. ಒಂದೊಂದಕ್ಕೂ ರಾಜ ಅಲ್ಲ ಎನ್ನುತ್ತ ಹೋಗುತ್ತಾನೆ. ಎಲ್ಲ ಕೂಡಿ ಇರುವುದಕ್ಕೆ ನಾವು ಇಟ್ಟುಕೊಂಡ ಹೆಸರು ರಥ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. 'ಮಾಮಾರ ಗಾಡಿನೇ ಏನು' ಎಂದು ನಾನು ತಮಾಷೆಗೆ ಕೇಳಿದ ಪ್ರಶ್ನೆಗೆ ಎರಡು ಸಾವಿರ ವರ್ಷದ ಉತ್ತರ ಇದು. ಮನೆ ಎನ್ನುವುದೂ ಅಂಥ ಹೆಸರೇ ಅಲ್ಲವೇ? ಅತ್ತೆ ಮನೆಯಲ್ಲ, ಸೊಸೆ ಮನೆಯಲ್ಲ, ಗಂಡ ಮಕ್ಕಳು ಮನೆಯಲ್ಲ. ಕೂಡಿ ಇರುವುದಕ್ಕೆ ಮನೆಯೆಂದು ಹೆಸರು. ಆದರೆ ನಾಗಸೇನನಿಗೆ ಒಂದು ಮಾತು ಸೇರಿಸಬೇಕೆಂದು ನನ್ನಂಥ ಅಡಿಗೆಮನೆಯವಳಿಗೆ ಅನಿಸುತ್ತದೆ. ಪಕ್ಕಪಕ್ಕದಲ್ಲಿ ಇದ್ದ ಮಾತ್ರಕ್ಕೆ ಕೂಡಿ ಇದ್ದಂತಾಗುವುದಿಲ್ಲ. ಆರೂ ಸಿಲಿಂಡರು ಒಂದೇ ಕಬ್ಬಿಣದ ಒಡಲಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಆದರೂ ನಾಲ್ಕು ತಂಪಾಗಿದ್ದಾಗ ಎರಡು ಸುಡುತ್ತಿದ್ದವು.

ಆ ಗಾಡಿ ಮಾಡಿದವನಿಗೆ ಇದು ತಿಳಿದಿತ್ತು. ನೀರು ತಾನಾಗಿ ಕೊನೆಯವರಿಗೆ ಹೋಗುವುದಿಲ್ಲ, ಸುಲಭದ ದಾರಿ ಸಿಕ್ಕಲ್ಲಿ ತಿರುಗಿಬಿಡುತ್ತದೆ ಎಂದು ತಿಳಿದೇ ಅವನು ಆ ನಳಿಗೆಯನ್ನು ಇಟ್ಟ. ಮುಂದಿನವರ ಒಳ್ಳೆಯತನವನ್ನು ನಂಬಿ ಬಿಡಲಿಲ್ಲ. ನನಗೆ ಹೊಳೆದದ್ದು ಇಷ್ಟೇ: ಕೊನೆಯವರನ್ನು ಕಾಯುವುದು ಕರುಣೆಯ ಕೆಲಸವಲ್ಲ, ಏರ್ಪಾಡಿನ ಕೆಲಸ. ಕರುಣೆ ನೆನಪಾದಾಗ ಬರುತ್ತದೆ. ಏರ್ಪಾಡು ಮರೆತಾಗಲೂ ನಡೆಯುತ್ತದೆ. ಬಸವಣ್ಣನವರು ಹುಟ್ಟಿದ ಊರಿನ ಸೊಸೆ ನಾನು. ದಾಸೋಹ ಎಂಬ ಮಾತನ್ನು ದಿನವೂ ಕೇಳುತ್ತ ಬಂದವಳು. ದಾಸೋಹ ದಾನವಲ್ಲ, ಕೊಡುವವ ದೊಡ್ಡವನೂ ಅಲ್ಲ, ತಲಪಬೇಕಾದ್ದು ತಲಪಬೇಕಾದವರಿಗೆ ತಲಪುವುದು ಎಂದು ಪುರಾಣ ಪ್ರವಚನಗಳಲ್ಲಿ ತಲೆದೂಗಿದವಳು. ಆ ಮಾತು ನನ್ನ ಒಲೆಯಿಂದ ಅತ್ತೆಯವರ ತಾಟಿನವರೆಗಿನ ನಾಲ್ಕು ಮಾರು ದಾರಿಯನ್ನು ದಾಟಿರಲಿಲ್ಲ.

ಎರಡನೆಯ ನಳಿಗೆ ಬಂತು. ಸರಿಯಾಗಿ ಕೂತಿತು. ಸುಟ್ಟ ವಾಲ್ವು ಬದಲಾದವು. ಗಾಡಿ ಮತ್ತೆ ಗುರುಗುಟ್ಟಿತು. ಉಳಿದ ಗಿಡ್ಡ ನಳಿಗೆಯನ್ನು ಎಸೆಯಲು ಹೊರಟಾಗ ನಾನು ಬೇಡ ಅಂದೆ. ಅದು ಈಗಲೂ ಅಡಿಗೆಮನೆಯ ಮಾಡದಲ್ಲಿ, ಮಸಾಲೆ ಡಬ್ಬಿಯ ಪಕ್ಕದಲ್ಲಿ ಇದೆ. ಬಂದವರು ಕೊಳಲೇನ್ರಿ ಎಂದು ಕೇಳುತ್ತಾರೆ.

ಆಸ್ಪತ್ರೆಯಿಂದ ಬಂದ ಮೇಲೆ ಅತ್ತೆಯವರ ತಾಟನ್ನು ಮೊದಲು ಹಾಕತೊಡಗಿದೆ. ಸೊಪ್ಪಿನ ಪಲ್ಲೆ, ಬೇಳೆ, ಒಂದು ಲೋಟ ಹಾಲು. ಅವರು ಒಪ್ಪಲಿಲ್ಲ. ಗಂಡಸರ ಮುಂದೆ ಮೊದಲು ಉಣ್ಣುವುದು ಅವರಿಗೆ ಬತ್ತಲೆ ನಿಂತಷ್ಟು ಸಂಕೋಚ. ಒಂದು ವಾರ ಹಗ್ಗಜಗ್ಗಾಟ ನಡೆಯಿತು. ಕೊನೆಗೊಂದು ದಿನ ಅವರು ನನ್ನ ಮುಂಗೈ ಹಿಡಿದು ಕೇಳಿದರು: "ನಾ ಮೊದಲ ಉಂಡ್ರ ಕಡೀಗಿ ನೀ ಆಗ್ತಿ. ಮುಂದ ನಿನ್ನ ನೋಡವ್ರು ಯಾರ?"

ಅರವತ್ತು ವರ್ಷ ಅವರು ಕೊನೆಯಲ್ಲಿ ಕೂತದ್ದು ಏಕೆಂದು ಅವತ್ತು ಅರ್ಥವಾಯಿತು. ಯಾರಾದರೂ ಸುಡಲೇಬೇಕಾದರೆ ತಾನೇ ಸುಡುತ್ತೇನೆ ಎಂದು ಕೂತಿದ್ದರು. ನನ್ನನ್ನು ಆ ಜಾಗದಿಂದ ಒಂದು ಮಣೆ ಮುಂದೆ ಇಟ್ಟು ಇಪ್ಪತ್ತೆಂಟು ವರ್ಷ ಕಾದಿದ್ದರು. ನಾನು ಅದನ್ನು ಅತ್ತೆಯ ಗೀಳು ಅಂದುಕೊಂಡಿದ್ದೆ.

ಈಗ ನಮ್ಮ ಮನೆಯಲ್ಲಿ ಸಾಲು ಇಲ್ಲ. ರೊಟ್ಟಿ ಬುಟ್ಟಿ, ಪಲ್ಲೆ, ಮೊಸರು ನಡುವೆ; ಸುತ್ತ ಎಲ್ಲರೂ. ಬಡಿಸುವವರಿಲ್ಲ, ಕೊನೆಯವರಿಲ್ಲ. ಮೊದಮೊದಲು ಯಜಮಾನರು ತಾವೇ ಪಲ್ಲೆ ಹಾಕಿಕೊಳ್ಳಲು ಬಾರದೆ ಅಂಗಿಯ ಮೇಲೆ ಚೆಲ್ಲಿಕೊಂಡರು. ಕಲಿತರು. ಆದರೆ ಪೂರ್ತಿ ಗೆದ್ದೆನೆಂದು ನಾನು ಹೇಳಲಾರೆ. ಮುಸುರೆ ತಿಕ್ಕಲು ಬರುವ ಹೆಣ್ಣುಮಗಳು ನಾವು ಉಂಡೆದ್ದ ಮೇಲೆಯೇ ಬರುತ್ತಾಳೆ, ಹಿತ್ತಿಲ ಕಟ್ಟೆಯ ಮೇಲೆ ಕೂತು ಉಳಿದದ್ದನ್ನು ಉಣ್ಣುತ್ತಾಳೆ. ಅವಳಿಗೂ ಮೊದಲೇ ತೆಗೆದಿಡಬೇಕೆಂದು ಈಗ ಒಂದು ಡಬ್ಬಿ ಮಾಡಿದ್ದೇನೆ. ಕೆಲವು ದಿನ ಮರೆಯುತ್ತೇನೆ. ಮರೆತ ದಿನ ಮಾಡದಲ್ಲಿಯ ಗಿಡ್ಡ ನಳಿಗೆ ನನ್ನನ್ನು ನೋಡುತ್ತದೆ.

ಕಳೆದ ದೀಪಾವಳಿಗೆ ಡಾಡ್ಜ್‌ನಲ್ಲಿ ಇಂಡಿಗೆ ಹೋದೆವು. ಎಂಬತ್ತು ದಾಟಿದ ಅತ್ತೆಯವರನ್ನು ಮುಂದಿನ ಸೀಟಿನಲ್ಲಿ ಕೂಡಿಸಿದೆವು. ಸಿಂದಗಿ ದಾಟುವಾಗ ಅವರು ತಿರುಗಿ ನನ್ನನ್ನು ಕೇಳಿದರು, "ಹಿಂದ ಧಗಿ ಭಾಳ ಬಡೀತದೇನವ್ವ?" ಇಲ್ಲ ಅಂದೆ. ನಂಬಲಿಲ್ಲ. ತಮ್ಮ ಕಡೆಯ ನೀರಿನ ತಂಬಿಗೆಯನ್ನು ಹಿಂದಕ್ಕೆ ಚಾಚಿದರು.